ಉಸಿರು ನೋಡಿ ಬುಲೆಟ್ ಕೊಡಿಸುತ್ತಿದ್ದ ಭರಮು

ನಾನು ಸ್ಪ್ಯಾನರ್ ಹಿಡಿದು ಅನ್ನ ತಿಂದವನು. ಹೆಸರು ಮುರಗೆಪ್ಪ. ರಾಯಬಾಗದ ಬಸ್ ನಿಲ್ದಾಣದ ಹಿಂದೆ ತಗಡಿನ ಶೆಡ್ಡು ಹಾಕಿಕೊಂಡು ಮೂವತ್ತು ವರ್ಷ ಬುಲೆಟ್ ರಿಪೇರಿ ಮಾಡಿದೆ. ಬೇರೆ ಗಾಡಿ ತಂದವರನ್ನು ಮುಂದಿನ ಅಂಗಡಿಗೆ ಕಳಿಸುತ್ತಿದ್ದೆ. ಅದು ಸೊಕ್ಕು ಅಂತ ಅಂದವರೂ ಇದ್ದಾರೆ, ಇರಲಿ. ಇಂಥ ನನಗೆ, ಸೈಕಲ್ ಮೇಲೆ ಕೂತರೂ ಬೀಳುವ ಎತ್ತಿನ ದಲಾಲನೊಬ್ಬ ಬುಲೆಟ್ಟಿನ ಗುಣ ಹೇಳಲು ಬಂದರೆ ಹೇಗಾಗಬೇಡ? ಮೈಯೆಲ್ಲ ಉರಿಯುತ್ತಿತ್ತು.

ಅವನೇ ಭರಮು. ಚಿಂಚಲಿಯವನು. ಆರಡಿ ಆಳು, ಮೊಣಕಾಲಿನ ಮೇಲೆ ಧೋತರ, ಎಡಹೆಗಲ ಮೇಲೆ ಕೆಂಪು ಅಂಚಿನ ರುಮಾಲು. ಅಪ್ಪ ಅಜ್ಜನ ಕಾಲದಿಂದಲೂ ದನದ ವ್ಯವಹಾರ ಮಾಡಿಸುವ ಮನೆತನ. ದನದ ಪೇಟೆಯಲ್ಲಿ ಬೆಲೆ ಬಾಯಲ್ಲಿ ಆಡುವುದಿಲ್ಲ. ರುಮಾಲು ಮುಚ್ಚಿ ಅದರ ಕೆಳಗೆ ಬೆರಳು ಹಿಡಿಯುತ್ತಾರೆ. ಕೊಡುವವನು ಯಾರು, ಕೊಳ್ಳುವವನು ಯಾರು ಅಂತ ಊರಿಗೇ ಗೊತ್ತಿದ್ದರೂ ಎಷ್ಟಕ್ಕೆ ಕುದುರಿತು ಅನ್ನುವುದು ಆ ಎರಡು ಕೈಗಳಿಗೇ ಗೊತ್ತು. ದಲಾಲನ ಹೆಗಲಿನಿಂದ ರುಮಾಲು ಇಳಿಯಿತೆಂದರೆ ಅವನ ಮಾತು ಸತ್ತಿತು ಅಂತಲೇ ಅರ್ಥ. ಭರಮು ಕೊಡಿಸಿದ ಎತ್ತು ಕಪ್ಪು ಮಣ್ಣಿನಲ್ಲಿ ಮಂಡಿ ಊರಿದ ಉದಾಹರಣೆ ಇಲ್ಲ ಅಂತ ಅಥಣಿಯವರೆಗೂ ಹೇಳುತ್ತಿದ್ದರು.

ಎಂಬತ್ತನೆಯ ಇಸವಿ ದಾಟುತ್ತಿದ್ದಂತೆ ನಮ್ಮ ಕಡೆ ಟ್ರ್ಯಾಕ್ಟರ್ ಬಂದವು. ಎತ್ತಿನ ಜೋಡಿಗಳು ಕಡಿಮೆಯಾದವು. ಕಬ್ಬಿನ ದುಡ್ಡು ಕಂಡ ರೈತರಿಗೆ ಬುಲೆಟ್ಟಿನ ಹುಚ್ಚು ಹತ್ತಿತು. ಎಂಬತ್ನಾಲ್ಕರಲ್ಲಿ ಒಬ್ಬ ರೈತ ಎತ್ತು ಮಾರಿ ಹಳೆಯ ಬುಲೆಟ್ ಕೊಳ್ಳಲು ನನ್ನ ಶೆಡ್ಡಿಗೆ ಬಂದ. ಜೊತೆಗೆ ಭರಮುವನ್ನೂ ಕರೆತಂದಿದ್ದ, ಇಪ್ಪತ್ತು ವರ್ಷ ಎತ್ತು ನೋಡಿದ ಕಣ್ಣು ಇದನ್ನೂ ನೋಡಲಿ ಅಂತ. ನನ್ನ ಹತ್ತಿರ ಎರಡು ಗಾಡಿಗಳಿದ್ದವು. ಒಂದು ಥಳಥಳ ಹೊಳೆಯುತ್ತಿತ್ತು. ಇನ್ನೊಂದಕ್ಕೆ ಬಣ್ಣವೇ ಉಳಿದಿರಲಿಲ್ಲ. ಭರಮು ಎರಡನ್ನೂ ಚಾಲೂ ಮಾಡಿಸಿದ. ಹಿಂದೆ ಕುಕ್ಕರಗಾಲಲ್ಲಿ ಕೂತು ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದ. ಕಣ್ಣು ಮುಚ್ಚಿಕೊಂಡ. ಆಮೇಲೆ ಹೊಳೆಯುವ ಗಾಡಿಯನ್ನು ಬೇಡ ಅಂದ. ಅದರ ಉಸಿರು ಒಂದು ಮೇಲೆ, ಒಂದು ಕೆಳಗೆ ಬೀಳುತ್ತದೆಯಂತೆ. ನಾನು ಹೊಟ್ಟೆ ಹಿಡಿದು ನಕ್ಕೆ. ಆ ಗಾಡಿಯನ್ನು ಬೇರೊಬ್ಬರಿಗೆ ಮಾರಿದೆ. ನಾಲ್ಕು ತಿಂಗಳಿಗೆ ಅದರ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗಿ ಎತ್ತಿನಗಾಡಿಯಲ್ಲಿ ಹೇರಿಕೊಂಡು ನನ್ನ ಬಾಗಿಲಿಗೇ ತಂದರು. ಅಂದಿನಿಂದ ನಾನು ಭರಮುವನ್ನು ನೋಡಿ ನಗುವುದು ಬಿಟ್ಟೆ. ಬೈಯುವುದನ್ನು ಮಾತ್ರ ಬಿಡಲಿಲ್ಲ.

ಬೈದರೂ ಜೋಡಿಯಾಗಿಬಿಟ್ಟೆವು. ಅವನು ನೋಡುವವನು, ನಾನು ಬಿಚ್ಚುವವನು. ಅವನು ಹೂಂ ಅನ್ನುವ ತನಕ ನಾನು ಒಂದು ನಟ್ಟೂ ಸಡಿಲಿಸುವಂತಿರಲಿಲ್ಲ. ಟೈರು ಸವೆದ ರೀತಿಯನ್ನು ಅವನು ಗೊರಸು ನೋಡಿದಂತೆ ನೋಡುತ್ತಿದ್ದ. ಮೊದಲನೇ ಗೇರಿನಲ್ಲಿ ಹಾಕಿಸಿ, ಆಕ್ಸಿಲರೇಟರ್ ಮುಟ್ಟಬೇಡ ಅಂತ ಸವಾರನಿಗೆ ಹೇಳಿ, ಪಕ್ಕದಲ್ಲಿ ತಾನೂ ನಡೆಯುತ್ತಿದ್ದ. ಒಳ್ಳೆಯ ಬುಲೆಟ್ ಮನುಷ್ಯನ ನಡಿಗೆಗೆ ಸರಿಯಾಗಿ ಗುದ್ದುತ್ತ ಬರುತ್ತದೆ, ಮುಗ್ಗರಿಸುವುದಿಲ್ಲ. ಇದನ್ನು ನಾನು ಒಪ್ಪಲೇಬೇಕು. ಅವನದೊಂದು ಮಾತಿತ್ತು: "ನಿಂತಾಗ ಉಸಿರು ನೋಡು, ನಡಿಯುವಾಗ ಗೊರಸು ನೋಡು, ಏರಿನ್ಯಾಗ ಮನಸು ನೋಡು."

ಆ ಕಾಲದ ಬುಲೆಟ್ಟನ್ನು ಈಗಿನವರಿಗೆ ಹೇಗೆ ಹೇಳಲಿ! ಮುನ್ನೂರೈವತ್ತು ಸಿಸಿ, ಒಂದೇ ಸಿಲಿಂಡರು, ಹದಿನೆಂಟು ಕುದುರೆ ಶಕ್ತಿ. ಲೆಕ್ಕದಲ್ಲಿ ದೊಡ್ಡದೇನಲ್ಲ. ಆದರೆ ಒಳಗೆ ಬೀಸುಕಲ್ಲಿನಂಥ ಭಾರವಾದ ಫ್ಲೈವೀಲು ತಿರುಗುತ್ತಿತ್ತು. ಒಮ್ಮೆ ತಿರುಗಿತೆಂದರೆ ಹೇರು ಎಷ್ಟಿದ್ದರೂ ಎಳೆದೇ ಎಳೆಯುತ್ತಿತ್ತು. ನಲವತ್ತರ ವೇಗದಲ್ಲಿ ನಾಲ್ಕನೇ ಗೇರಿಗೆ ಹಾಕಿ ಬಿಟ್ಟರೆ ಕಬ್ಬಿನ ಹೊಲಗಳ ನಡುವೆ ಧಗ್ ಧಗ್ ಅಂತ ದೊರೆಯ ಹಾಗೆ ಹೋಗುತ್ತಿತ್ತು. ಅರ್ಧ ಮೈಲಿ ಮೊದಲೇ ಮನೆಯವರು ಒಲೆಯ ಮೇಲೆ ಚಹಾ ಇಡುತ್ತಿದ್ದರು. ಅಗಲ ಸೀಟು, ಕೈಯಿಂದ ಎಳೆದ ಬಂಗಾರದ ಗೆರೆಯ ಟ್ಯಾಂಕು, ಹೆಡ್‌ಲೈಟಿನ ಮೇಲೆ ಕರೆಂಟು ತೋರಿಸುವ ಸಣ್ಣ ಮುಳ್ಳು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೊದಲ ಗೇರು ಮೇಲಕ್ಕೆತ್ತಿದರೆ ಉಳಿದ ಮೂರೂ ಕೆಳಕ್ಕೆ ತುಳಿಯಬೇಕು. ಬೇರೆ ಗಾಡಿಗಳಲ್ಲಿ ಇದೆಲ್ಲ ತಿರುವುಮುರುವು. ಇನ್ನು ಚಾಲೂ ಮಾಡುವುದೇ ಒಂದು ವಿದ್ಯೆ. ಎಡಗೈಯ ಹತ್ತಿರ ಡಿಕಂಪ್ರೆಸರ್ ಅಂತ ಪುಟ್ಟ ಹಿಡಿಕೆ ಇರುತ್ತಿತ್ತು. ಅದನ್ನು ಒತ್ತಿದರೆ ತೆಳ್ಳನೆಯ ಕೇಬಲ್ಲೊಂದು ಎಂಜಿನ್ನಿನ ಒಳಗೆ ತುಂಬಿದ ಗಾಳಿಯನ್ನು ಹೊರಗೆ ಬಿಡುತ್ತಿತ್ತು. ಮುಳ್ಳು ನಡುವಿಗೆ ಬರುವ ತನಕ ಹಾಗೆ ಗಾಳಿ ಬಿಟ್ಟು, ಆಮೇಲೆ ಒದೆಯಬೇಕು. ಸುಮ್ಮನೆ ಒದ್ದರೆ ಕಿಕ್ ತಿರುಗಿ ನಮ್ಮ ಕಾಲನ್ನೇ ಒದೆಯುತ್ತದೆ.

ಎಂಬತ್ತೊಂಬತ್ತರ ಬೇಸಗೆಯಲ್ಲಿ ಕಾಗವಾಡದ ದಾದಾಸಾಹೇಬರು ನಮ್ಮ ಹತ್ತಿರ ಬಂದರು. ದೊಡ್ಡ ಜೈನ ಒಕ್ಕಲುತನ, ತೂಕದ ಆಳು, ಮಾತೂ ಅಷ್ಟೇ ತೂಕದ್ದು. ಅವರ ಹೆಂಡತಿ ಲಕ್ಷ್ಮಿಬಾಯಿ ಪ್ರತಿ ಅಮಾವಾಸ್ಯೆಗೆ ನಿಪ್ಪಾಣಿಯ ಆಚೆಯ ಸ್ತವನಿಧಿಗೆ ಹೋಗುವ ನೇಮ ಹಿಡಿದಿದ್ದರು. ಮನೆಯಲ್ಲಿ ಸಣ್ಣ ಟೂ ಸ್ಟ್ರೋಕ್ ಗಾಡಿ ಇತ್ತು. ಅದು ಸ್ತವನಿಧಿ ಘಾಟಿನ ಏರಿನ ಅರ್ಧಕ್ಕೆ ಬಂದು ಕಾಲು ಕೆದರುತ್ತಿತ್ತು. ಆಗ ದಾದಾಸಾಹೇಬರು ಗಾಡಿಯ ಮೇಲೆ ಒಬ್ಬರೇ ಹೋಗುವುದು, ಲಕ್ಷ್ಮಿಬಾಯಿ ಇಳಿದು ಬಿಸಿಲಲ್ಲಿ ಹಿಂದೆ ನಡೆದು ಬರುವುದು, ದಾರಿಯ ಜನ ನಗುವುದು. ಹೋದ ಅಮಾವಾಸ್ಯೆಗೆ ಆಕೆ ಇನ್ನು ಇಳಿಯುವುದಿಲ್ಲ ಅಂತ ಹೇಳಿಬಿಟ್ಟಿದ್ದರು. ಅದಕ್ಕೇ ಬುಲೆಟ್ ಬೇಕಾಗಿತ್ತು.

ಭರಮುವಿಗೆ ಗಾಡಿ ಓಡಿಸಲು ಬರುವುದಿಲ್ಲ ಅಂತ ತಿಳಿದೊಡನೆ ದಾದಾಸಾಹೇಬರು ನಕ್ಕರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ವೈದ್ಯ ಇವನೇ ಇರಬೇಕು ಅಂದರು. ಶೆಡ್ಡಿನಲ್ಲಿದ್ದ ಹತ್ತು ಜನರೂ ನಕ್ಕರು. ಭರಮುವಿನ ಮುಖ ಕೆಂಪಾಯಿತು. ಎತ್ತಿನ ವ್ಯವಹಾರ ಹೋದ ಮೇಲೆ ಅವನಿಗೆ ಉಳಿದದ್ದು ಈ ಮಾತಿನ ಬೆಲೆಯೊಂದೇ. ಎದ್ದು ನಿಂತು ರುಮಾಲಿನ ಮೇಲೆ ಕೈ ಇಟ್ಟ.

"ಸಾವಕಾರ್ರ, ನಾ ತೋರಿಸಿದ ಗಾಡಿ ನಿಮ್ಮಿಬ್ಬರನ್ನೂ ಹೊತ್ತು ಸ್ತವನಿಧಿ ಘಾಟ ಹತ್ತತೈತಿ. ನಡುವ ನಿಂತ್ರ ಈ ರುಮಾಲ ಮತ್ತ ಹೆಗಲಿಗೆ ಹಾಕಂಗಿಲ್ಲ. ಎತ್ತಿಗೂ ಇಲ್ಲ, ಗಾಡಿಗೂ ಇಲ್ಲ."

ಗಾಡಿ ಅಂದಮೇಲೆ ಧೂಳು ಸಿಕ್ಕಿ ನಿಲ್ಲಬಹುದು, ಪ್ಲಗ್ಗು ಹಿಡಿದು ನಿಲ್ಲಬಹುದು. ಇಂಥ ಪೈಜು ಯಾರಾದರೂ ಕಟ್ಟುತ್ತಾರೆಯೇ? ಅವನನ್ನು ಮೂಲೆಗೆ ಕರೆದು ಚೆನ್ನಾಗಿ ಬೈದೆ. ಆದರೆ ಆಡಿದ ಮಾತು ಬಾಯಿಗೆ ಮರಳುವುದಿಲ್ಲವಲ್ಲ.

ಗಾಡಿ ಸಿಕ್ಕಿದ್ದು ಅಂಕಲಿಯಲ್ಲಿ. ಪಾರಿಸ ಅನ್ನುವ ಕಾಳಿನ ವ್ಯಾಪಾರಿಯ ಕಪ್ಪು ಬುಲೆಟ್ಟು, ಎಪ್ಪತ್ನಾಲ್ಕರ ಮಾಡೆಲ್ಲು. ಪಾರಿಸನಿಗೆ ನಡು ನೋವು ಬಂದು, ಇನ್ನು ಕಿಕ್ ಹೊಡೆಯಬಾರದು ಅಂತ ಡಾಕ್ಟರು ಹೇಳಿದ್ದರು. ಭರಮು ಮೂರು ಸಲ ಹೋಗಿ ನೋಡಿದ. ಮೂರನೆಯ ಸಲ ಅಂಗೈಯನ್ನು ಸೈಲೆನ್ಸರಿನಿಂದ ತೆಗೆಯುವಾಗ ಅವನ ಮುಖ ನೋಡಬೇಕಿತ್ತು, ಹಬ್ಬದ ಊಟ ಮುಗಿಸಿದವನ ಹಾಗೆ ಇತ್ತು. ನಾನೂ ಓಡಿಸಿ ನೋಡಿದೆ. ಸುಳ್ಳು ಯಾಕೆ ಹೇಳಲಿ, ಅಂಥ ಗಾಡಿಯನ್ನು ನಾನು ಅದಕ್ಕಿಂತ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ತೊಂಬತ್ತಕ್ಕೆ ಹೋದರೂ ಹ್ಯಾಂಡಲ್ಲು ನಡುಗಲಿಲ್ಲ.

ಆ ವಾರವೇ ಭರಮು ನನ್ನ ಶೆಡ್ಡಿಗೆ ಬಂದು, ಬಿಚ್ಚಿಟ್ಟ ಒಂದು ಗಾಡಿಯಲ್ಲಿ ಡಿಕಂಪ್ರೆಸರ್ ಕೇಬಲ್ ತೋರಿಸಿ, ಇದು ಇಲ್ಲದಿದ್ದರೆ ಗಾಡಿ ಓಡುತ್ತದೋ ಇಲ್ಲವೋ ಅಂತ ಕೇಳಿದ. ನಾನು ಕ್ಲಚ್ ಪ್ಲೇಟಿನಲ್ಲಿ ಮುಳುಗಿದ್ದೆ. ತಲೆ ಎತ್ತದೆ, ಓಡುತ್ತದೆ ಅಂದೆ. ಯಾಕೆ ಕೇಳಿದ ಅಂತ ಕೇಳುವ ಸೌಜನ್ಯವೂ ನನಗಿರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ದಾದಾಸಾಹೇಬರೂ ಲಕ್ಷ್ಮಿಬಾಯಿಯೂ ಬಸ್ಸಿನಲ್ಲಿ ಅಂಕಲಿಗೆ ಬಂದರು. ಅಲ್ಲಿಂದ ಎಲ್ಲೂ ನಿಲ್ಲಿಸದೆ ಸ್ತವನಿಧಿಗೆ ಹೋಗುವುದು, ಮೇಲೆ ಮುಟ್ಟಿದರೆ ಅಲ್ಲೇ ವ್ಯವಹಾರ ಮುಗಿಸುವುದು ಅಂತ ಮಾತಾಗಿತ್ತು. ಬೆಲೆ ಕುದುರಿಸುವ ಅಧಿಕಾರವನ್ನು ಪಾರಿಸ ಭರಮುವಿಗೇ ಬಿಟ್ಟಿದ್ದ. ಗಾಡಿ ಚಾಲೂ ಮಾಡಿ, ಅಂಗಳದಲ್ಲಿ ಕಾಯಿಸಲು ಬಿಟ್ಟು ನಾವೆಲ್ಲ ಒಳಗೆ ನಾಷ್ಟಾಕ್ಕೆ ಕೂತೆವು. ಭರಮು ಹೊರಗೇ ಇದ್ದ. ಉಸಿರು ನೋಡುತ್ತಿರಬೇಕು ಅಂದುಕೊಂಡೆ.

ಹೊರಟೆವು. ದಾದಾಸಾಹೇಬರು ಮುಂದೆ, ಹಿಂದೆ ಲಕ್ಷ್ಮಿಬಾಯಿ ಒಂದೇ ಕಡೆ ಕಾಲು ಹಾಕಿ ಕೂತಿದ್ದರು. ನನ್ನ ಗಾಡಿಯ ಹಿಂದೆ ಭರಮು ನನ್ನ ಸೊಂಟ ಹಿಡಿದು, ಕಣ್ಣು ಮುಂದಿನ ಗಾಡಿಯ ಮೇಲೆ ನೆಟ್ಟು ಕೂತಿದ್ದ. ಚಿಕ್ಕೋಡಿ ದಾಟುವಾಗ ಅರವತ್ತರಲ್ಲಿದ್ದೆವು. ಆಹಾ, ಆ ಕಪ್ಪು ಗಾಡಿಯ ಸದ್ದು! ನನ್ನ ಗಾಡಿಯದೂ ಅದರದೂ ಒಮ್ಮೆ ಜೊತೆಗೂಡುತ್ತಿತ್ತು, ಒಮ್ಮೆ ಬೇರೆಯಾಗುತ್ತಿತ್ತು. ಪೇಟೆಯ ಜನ ಅಂಗಡಿಯಿಂದ ಹೊರಗೆ ಬಂದು ನೋಡಿದರು. ನಿಪ್ಪಾಣಿಯ ತಂಬಾಕಿನ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಲಕ್ಷ್ಮಿಬಾಯಿ ಸೆರಗು ಬಿಗಿದುಕೊಂಡು ತಿರುಗಿ ನೋಡಿ ನಕ್ಕರು. ನನಗೂ ಕುಣಿಯುವಷ್ಟು ಖುಷಿಯಾಗಿತ್ತು. ಭರಮು ಮಾತ್ರ ಮುಂದಿನ ಗಾಡಿಯ ಸದ್ದಿಗೇ ಕಿವಿ ಕೊಟ್ಟಿದ್ದ.

ಘಾಟು ಶುರುವಾಯಿತು. ದೇವರಿಗೆ ನಡೆದು ಹೋಗುವ ಜನ ರಸ್ತೆಯ ಎರಡೂ ಬದಿಗೆ ತುಂಬಿದ್ದರು. ಕಪ್ಪು ಗಾಡಿ ಮೂರನೇ ಗೇರಿನಲ್ಲೇ ಮೊದಲ ತಿರುವು ಹತ್ತಿತು. ಎರಡು ದೊಡ್ಡ ಆಳುಗಳ ಭಾರ, ಆದರೂ ಸದ್ದು ಕುಗ್ಗಲಿಲ್ಲ. ಮೊದಲೆಲ್ಲ ಆಕೆ ಇಳಿದು ನಡೆಯುತ್ತಿದ್ದ ಜಾಗ ಹಿಂದೆ ಬಿತ್ತು. ಭರಮು ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟ, ಅಷ್ಟು ಆನಂದ ಅವನಿಗೆ. ಇನ್ನೊಂದು ತಿರುವು ಉಳಿದಿತ್ತು. ಮುಂದೆ ತಂಬಾಕಿನ ಲಾರಿಯೊಂದು ಏದುಸಿರು ಬಿಡುತ್ತ ಹತ್ತುತ್ತಿತ್ತು. ದಾದಾಸಾಹೇಬರು ಎರಡನೇ ಗೇರಿಗೆ ಇಳಿಸಿ ಅದರ ಹಿಂದೆ ನಿಧಾನ ಹೋಗುತ್ತಿದ್ದರು. ಲಾರಿ ಗಕ್ಕನೆ ನಿಂತು ಒಂದಡಿ ಹಿಂದೆ ಸರಿಯಿತು.

ಬ್ರೇಕು ಹಾಕಬೇಕಾಗಿತ್ತು. ಗಾಬರಿಯಲ್ಲಿ ದಾದಾಸಾಹೇಬರ ಕಾಲಿಗೆ ಹತ್ತು ವರ್ಷದ ಹಳೆಯ ಗಾಡಿಯ ರೂಢಿ ನೆನಪಾಯಿತು. ಬಲಗಾಲು ಜೋರಾಗಿ ತುಳಿದರು. ಅದು ಬ್ರೇಕಲ್ಲ, ಗೇರು. ಗಾಡಿ ಮೂರನೆಯದಕ್ಕೆ ಬಿದ್ದು ಎರಡು ಸಲ ಕುಪ್ಪಳಿಸಿ ಆರಿಹೋಯಿತು. ಕಾಲು ಊರಿ, ಮುಂದಿನ ಬ್ರೇಕು ಹಿಡಿದು ಹೇಗೋ ಬೀಳದೆ ನಿಂತರು. ಲಾರಿ ಸಾವರಿಸಿಕೊಂಡು ಮುಂದೆ ಹೋಯಿತು.

ದಾದಾಸಾಹೇಬರು ಎಡಗೈಯ ಹಿಡಿಕೆ ಒತ್ತಿದರು. ಅದು ಸಡಿಲವಾದ ಹಲ್ಲಿನಂತೆ ಅಲ್ಲಾಡಿತು. ಸಿಟ್ಟಿನಿಂದ ಹಾಗೇ ಒದ್ದರು. ಕಿಕ್ ತಿರುಗಿ ಮೊಣಕಾಲ ಕೆಳಗೆ ಬಡಿಯಿತು. ನಾನು ಓಡಿಹೋಗಿ ನೋಡಿದೆ. ಡಿಕಂಪ್ರೆಸರಿನ ಕೇಬಲ್ಲೇ ಇರಲಿಲ್ಲ.

ಕೇಬಲ್ ಎಲ್ಲಿ ಹೋಯಿತು ಅಂತ ನಾನು ಕೂಗುತ್ತಿದ್ದಂತೆ ಭರಮು ಮುಂದೆ ಬಂದ. ಜನ ಸುತ್ತ ಸೇರಿದ್ದರು. ಅದರಲ್ಲಿ ಚಿಕ್ಕೋಡಿಯ ದನದ ಪೇಟೆಯವರೂ ನಾಲ್ಕಾರು ಮಂದಿ ಇದ್ದರು. ಭರಮು ಎಲ್ಲರ ಎದುರಿಗೆ ನಡೆದದ್ದನ್ನು ಹೇಳಿದ. ನಮ್ಮ ಕಡೆ ಎತ್ತು ಮಾರಿದರೂ ಅದರ ಹಗ್ಗ ಮಾರುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಲಕ್ಷ್ಮಿ ಹೋಗುತ್ತಾಳೆ ಅಂತ ನಂಬಿಕೆ. ಪಾರಿಸನ ತಾಯಿ ಸೋನಾಬಾಯಿ, ಗಾಡಿ ಹೊಸ್ತಿಲು ದಾಟುವ ಮುಂಚೆ ಇದರ ಹಗ್ಗ ನಮ್ಮ ಮನೆಯಲ್ಲಿ ಉಳಿಯಬೇಕು ಅಂತ ಹಟ ಹಿಡಿದಿದ್ದರು. ಹದಿನೈದು ವರ್ಷ ಮನೆಯಲ್ಲಿದ್ದ ಗಾಡಿ, ಆಕೆಗೆ ಅದೂ ಎತ್ತೇ. ಇಲ್ಲವೆಂದರೆ ಗಾಡಿ ಬಿಡುತ್ತಿರಲಿಲ್ಲ. ಯಾವುದನ್ನು ಹಗ್ಗ ಅನ್ನುವುದು ಅಂತ ಭರಮು ನಾಲ್ಕು ದಿನ ಯೋಚಿಸಿ, ನಾವು ನಾಷ್ಟಾ ಮಾಡುವಾಗ ಈ ತೆಳ್ಳನೆಯ ಕೇಬಲ್ಲನ್ನು ಬಿಚ್ಚಿ ಆ ಮುದುಕಿಯ ಕೈಗೆ ಕೊಟ್ಟು ಬಂದಿದ್ದ.

"ಗಾಡಿ ನಿಂತೈತಿ. ಹಗ್ಗ ತಗದಾಂವ ನಾ. ಮಾತು ಮಾತೇ," ಅಂತ ಹೇಳಿ ರುಮಾಲು ತೆಗೆದು, ಮಡಚಿ, ದಾದಾಸಾಹೇಬರ ಕೈಯಲ್ಲಿಟ್ಟ.

ಬರಿ ಹೆಗಲಿನ ಭರಮುವನ್ನು ನಾನು ಅದೇ ಮೊದಲು ಕಂಡದ್ದು. ಆ ಕೇಬಲ್ ಇಲ್ಲದಿದ್ದರೂ ಓಡುತ್ತದೆ ಅಂತ ಅವನಿಗೆ ಹೇಳಿದವನು ಯಾರು? ನಾನು. ಬಲಗಾಲು ತುಳಿದದ್ದನ್ನು ಹಿಂದಿನಿಂದ ಕಂಡವನು ಯಾರು? ನಾನು. ಎರಡನ್ನೂ ಹೇಳಬೇಕಾಗಿತ್ತು. ಬುಲೆಟ್ ಮುರಗೆಪ್ಪ ಅಂತ ಹೆಸರು ಮಾಡಿದವನಿಗೆ ಆ ಜನರ ಎದುರು ನಾಲಿಗೆ ಏಳಲಿಲ್ಲ. ಇವತ್ತಿಗೂ ನಾಚಿಕೆಯಾಗುತ್ತದೆ.

ದಾದಾಸಾಹೇಬರು ರುಮಾಲು ಏನು ಮಾಡಬೇಕೋ ತಿಳಿಯದೆ ಹಿಂದಕ್ಕೆ ಚಾಚಿದರು. ಲಕ್ಷ್ಮಿಬಾಯಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಯಾರೋ ಆಕೆಗೆ ಇಳಿಯಿರಿ ಅಂದರು. ಆಕೆ ಕದಲಲಿಲ್ಲ.

"ಗಾಡಿ ನಿಂತಿಲ್ಲ. ಇವರು ನಿಂದರಿಸ್ಯಾರ," ಅಂದರು ಗಂಡನ ಬೆನ್ನು ತೋರಿಸಿ. "ಬಲಗಾಲ ತುಳಿದ್ರು, ನಾ ಹಿಂದ ಕುಂತು ನೋಡೀನಿ. ಚಾಲೂ ಮಾಡ್ರಿ. ನಾ ಇಳಿಯಂಗಿಲ್ಲ."

ಏರಿನ ನಡುವೆ, ಇಬ್ಬರ ಭಾರ ಹೊತ್ತು, ಕೇಬಲ್ ಇಲ್ಲದ ಗಾಡಿ! ನಾನು ಹಿಂದಿನಿಂದ ಗಾಡಿಯನ್ನು ಆತುಕೊಂಡೆ. ದಾದಾಸಾಹೇಬರು ಮುಂದಿನ ಬ್ರೇಕು ಹಿಡಿದರು. ಭರಮು ಕೇಳದೆ ಹೇಳದೆ ಬಲಗಡೆ ಕುಕ್ಕರಗಾಲಲ್ಲಿ ಕೂತು, ಗೇರನ್ನು ನ್ಯೂಟ್ರಲ್ಲಿಗೆ ತರಿಸಿ, ಕಿಕ್ಕಿನ ಮೇಲೆ ಅಂಗೈ ಇಟ್ಟ. ಮೆಲ್ಲಗೆ ಒತ್ತಿದ. ಅದು ಗಟ್ಟಿ ನಿಂತಿತು. ಬಿಡದೆ ಒತ್ತಿಹಿಡಿದ, ಹೆದರಿದ ಎತ್ತಿನ ಬೆನ್ನ ಮೇಲೆ ಕೈ ಇಟ್ಟು ಕಾಯುವ ಹಾಗೆ. ಅವನ ತುಟಿ ಅಲುಗುತ್ತಿತ್ತು. ಒಳಗಿನ ಗಾಳಿ ಸಣ್ಣಗೆ ಸುಸ್ ಅಂತ ಸೋರುವುದು ನನಗೂ ಕೇಳಿತು. ಕಿಕ್ ಒಂದು ಬೆರಳಷ್ಟು ಇಳಿಯಿತು. ನಾನು ಬಗ್ಗಿ ಮುಳ್ಳು ನೋಡಿದೆ. ಸರಿಯಾಗಿ ನಡುವಿನಲ್ಲಿತ್ತು. ಆ ಮುಳ್ಳು ಯಾಕಿದೆ ಅಂತ ಭರಮುವಿಗೆ ಗೊತ್ತೇ ಇರಲಿಲ್ಲ.

"ಉಸಿರ ಬಿಟ್ಟೈತಿ. ಈಗ ಒದೀರಿ," ಅಂದ.

ದಾದಾಸಾಹೇಬರು ಒಂದೇ ಸಲ ಒದ್ದರು. ಧಗ್! ಧಗ್ ಧಗ್ ಧಗ್! ಜನ ಹೋ ಅಂತ ಕೂಗಿದರು. ಮೊದಲ ಗೇರು ಮೇಲಕ್ಕೆತ್ತಿ ಕ್ಲಚ್ ಬಿಟ್ಟರು. ಓಡುತ್ತ ಘಾಟು ಹತ್ತುವುದು ಬೇರೆ, ನಿಂತಲ್ಲಿಂದ ಎದ್ದು ಹತ್ತುವುದು ಬೇರೆ. ಹಿಂದಿನ ಗಾಲಿ ಒಂದು ಚೂರು ಮಣ್ಣು ಕೆದರಿತು, ಅಷ್ಟೇ. ಆಮೇಲೆ ಕಪ್ಪು ಗಾಡಿ ಆ ಇಬ್ಬರನ್ನೂ ಎತ್ತಿಕೊಂಡು, ನಡಿಗೆಯ ವೇಗದಲ್ಲಿ, ಒಂದು ಗುದ್ದೂ ತಪ್ಪದೆ ಏರಿತು. ಭರಮು ಅದರ ಪಕ್ಕದಲ್ಲಿ ಓಡುತ್ತಲೇ ಹೋದ. ನನ್ನ ಗಾಡಿ ಹತ್ತು ಅಂದರೂ ಅವನಿಗೆ ಕೇಳಿಸಲಿಲ್ಲ. ನಾನು ಒಬ್ಬನೇ ಹುಚ್ಚನಂತೆ ಹಾರ್ನು ಹೊಡೆಯುತ್ತ ಹಿಂದೆ ಹತ್ತಿದೆ.

ಮೇಲೆ ಲಕ್ಷ್ಮಿಬಾಯಿ ಇಳಿದರು. ದಾದಾಸಾಹೇಬರು ಪೆಟ್ಟು ಬಿದ್ದ ಕಾಲು ನೀವುತ್ತ, ತಪ್ಪು ತಮ್ಮ ಕಾಲಿನದೇ ಅಂತ ಗೊಣಗಿ ಒಪ್ಪಿಕೊಂಡರು. ಭರಮು ಏದುಸಿರು ಬಿಡುತ್ತ ದೂರ ನಿಂತಿದ್ದ. ರುಮಾಲು ಕೇಳಲಿಲ್ಲ, ಹತ್ತಿರವೂ ಬರಲಿಲ್ಲ. ಆಗ ಲಕ್ಷ್ಮಿಬಾಯಿ ರುಮಾಲು ಬಿಚ್ಚಿ ತಮ್ಮ ಬಲಗೈಯ ಮೇಲೆ ಹರವಿಕೊಂಡು ಅವನ ಮುಂದೆ ಹೋಗಿ ನಿಂತರು. ಗಾಡಿ ತನಗಾಗಿ ಕೊಳ್ಳುವುದು, ವ್ಯವಹಾರದ ಕೈ ತಾನೇ ಕೊಡುತ್ತೇನೆ ಅಂದರು. ರುಮಾಲಿನ ಕೆಳಗೆ ಹೆಂಗಸಿನ ಕೈ ಬಂದದ್ದನ್ನು ನಮ್ಮ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಭರಮು ದಾದಾಸಾಹೇಬರ ಮುಖ ನೋಡಿದ. ಅವರು ಹೂಂ ಅಂತ ತಲೆಯಾಡಿಸಿದರು. ಭರಮು ರುಮಾಲಿನ ಕೆಳಗೆ ಕೈ ಇಟ್ಟ. ಎಷ್ಟು ಬೆರಳು ಹಿಡಿದರೋ ಯಾರಿಗೆ ಗೊತ್ತು. ಮುಗಿದ ಮೇಲೆ ಆಕೆಯೇ ಅವನ ಹೆಗಲಿಗೆ ರುಮಾಲು ಹಾಕಿದರು. ಆರಡಿ ಆಳು ಮಗುವಿನ ಹಾಗೆ ಅತ್ತುಬಿಟ್ಟ. ನಾನೂ ಅತ್ತೆ, ಆದರೆ ನನ್ನದು ಬೇರೆ ಅಳು.

ತೊಂಬತ್ತಾರರವರೆಗೂ ಭರಮು ಗಾಡಿ ಕೊಡಿಸಿದ. ಹಿಂದೆ ಕೂರುವ ಹೆಂಗಸರನ್ನು ಮೊದಲು ಕೇಳಿ, ಆಮೇಲೆ ಉಸಿರು ನೋಡುತ್ತಿದ್ದ. ಜೀವ ಹೋಗುವ ತನಕ ಸೈಕಲ್ಲೂ ಕಲಿಯಲಿಲ್ಲ. ನಾನು ಮಾತ್ರ ಆ ಅಮಾವಾಸ್ಯೆಯ ದಿನ ಘಾಟು ಇಳಿಯುವಾಗಲೇ ತಡೆಯಲಾರದೆ ಗಾಡಿ ಬದಿಗೆ ನಿಲ್ಲಿಸಿದೆ. ಕೇಬಲ್ ಇಲ್ಲದಿದ್ದರೂ ಓಡುತ್ತದೆ ಅಂದವನು ನಾನು, ಅಷ್ಟು ಜನರ ಮುಂದೆ ನೀನು ನನ್ನ ಹೆಸರು ಯಾಕೆ ಎತ್ತಲಿಲ್ಲ, ಎತ್ತಿದ್ದರೆ ರುಮಾಲು ಇಳಿಸುವ ಪ್ರಸಂಗವೇ ಬರುತ್ತಿರಲಿಲ್ಲವಲ್ಲ ಅಂತ ಹಿಂದೆ ಕೂತಿದ್ದ ಭರಮುವನ್ನು ಕೇಳಿದೆ. ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರ ಅನ್ನಿಸಿತು.

"ನೀ ಓಡತೈತಿ ಅಂದಿ, ಓಡಿತು. ನಿಂತ್ರ ಮತ್ತ ಏಳತೈತೇನು ಅಂತ ನಾ ನಿನ್ನ ಕೇಳಲಿಲ್ಲ. ಕೇಳದಾಂವಂದ ತಪ್ಪು ಮುರಗೆಪ್ಪ, ಹೇಳಿದಾಂವಂದಲ್ಲ. ನಡಿ, ಹೊತ್ತಾತು."